ಒಬ್ಬರೇ ಕ್ರಾಕೋವ್‌ಗೆ ಹೋದರೆ ಏನು ನೋಡಬೇಕು, ಗೆಳೆಯರು ಹೇಗೆ ಸಿಗುತ್ತಾರೆ?

ನಿಮ್ಮ ಪ್ರಶ್ನೆ ಓದಿದೆ. ಜರ್ಮನಿಯಲ್ಲಿ ಓದುತ್ತಿದ್ದೀರಿ. ಸೆಪ್ಟೆಂಬರಿನಲ್ಲಿ ಐದು ದಿನ ಬಿಡುವಿದೆ, ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಪೋಲೆಂಡಿನ ಕ್ರಾಕೋವ್‌ಗೆ ಒಬ್ಬರೇ ಹೊರಟಿದ್ದೀರಿ. ಊರು ನೋಡಬೇಕು, ಜೊತೆಗೆ ನಾಲ್ಕು ಜನರ ಪರಿಚಯವೂ ಆಗಬೇಕು. ಆದರೆ ಕುಡಿಯುವುದಿಲ್ಲ, ಮಾಂಸ ತಿನ್ನುವುದಿಲ್ಲ, ತಾನಾಗಿ ಹೋಗಿ ಮಾತಾಡಿಸುವ ಸ್ವಭಾವವೂ ಇಲ್ಲ ಅಂತ ಬರೆದಿದ್ದೀರಿ. ನಾನೂ ಹೆಚ್ಚುಕಡಿಮೆ ಇದೇ ಥರದವಳು. ಈ ಊರಿಗೆ ಹಲವು ಸಲ ಹೋಗಿದ್ದೇನೆ, ಯಾವಾಗಲೂ ಹಾಸ್ಟೆಲ್‌ನಲ್ಲೇ ಇಳಿದುಕೊಂಡಿದ್ದೇನೆ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ನೋಡುವ ಜಾಗಗಳ ಪಟ್ಟಿಯನ್ನು ಅರ್ಧ ಮಾಡಿ. ಉಳಿದ ಹೊತ್ತಿನಲ್ಲಿ ಇಷ್ಟವಾದ ಜಾಗಕ್ಕೇ ಇನ್ನೊಂದು ಸಲ ಹೋಗಿ. ಎರಡನೇ ಸಲ ಹೋದಾಗ ಅಲ್ಲಿನವರೇ ಮಾತು ಶುರು ಮಾಡುತ್ತಾರೆ. ನಮ್ಮಂಥವರಿಗೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಕ್ರಾಕೋವ್ ಇದಕ್ಕೆ ತುಂಬಾ ಒಗ್ಗುವ ಊರು. ಹಳೇ ಊರು ಚಿಕ್ಕದು, ಸಮತಟ್ಟು, ಎಲ್ಲಾ ಕಡೆ ನಡೆದೇ ಹೋಗಬಹುದು. ನಡುವೆ ರೀನೆಕ್ ಅನ್ನುವ ದೊಡ್ಡ ಚೌಕ. 1257ರಲ್ಲಿ ಅಳತೆ ಹಾಕಿ ಮಾಡಿದ್ದು, ಒಂದೊಂದು ಬದಿಯೂ ಸುಮಾರು 200 ಮೀಟರ್. ಊರಿನ ಸುತ್ತ ಇದ್ದ ಕೋಟೆ ಗೋಡೆಯನ್ನು 19ನೇ ಶತಮಾನದಲ್ಲಿ ಬಹುಪಾಲು ಕೆಡವಿ, ಆ ಜಾಗದಲ್ಲಿ ಮರ ನೆಟ್ಟರು. ಪ್ಲಾಂಟಿ ಅನ್ನುವ ಆ ಉದ್ಯಾನ ಈಗ ಹಳೇ ಊರನ್ನು ಉಂಗುರದ ಹಾಗೆ ಸುತ್ತಿಕೊಂಡಿದೆ. ದಾರಿ ತಪ್ಪಿದರೂ ಯಾವುದೋ ಒಂದು ಕಡೆ ಪ್ಲಾಂಟಿ ಸಿಕ್ಕೇ ಸಿಗುತ್ತದೆ. 1978ರಲ್ಲಿ ಯುನೆಸ್ಕೋ ಮೊದಲ ಸಲ ವಿಶ್ವ ಪರಂಪರೆಯ ಪಟ್ಟಿ ಮಾಡಿದಾಗಲೇ ಈ ಊರಿನ ಹೆಸರು ಅದರಲ್ಲಿತ್ತು.

ಮೊದಲ ದಿನ ಬೆಳಿಗ್ಗೆ ಟಿಪ್ ಆಧಾರದ ವಾಕಿಂಗ್ ಟೂರ್‌ಗೆ ಹೋಗಿ. ಎರಡು, ಎರಡೂವರೆ ಗಂಟೆ ನಡೆಸುತ್ತಾರೆ, ಕೊನೆಗೆ ನಿಮಗೆ ತೋಚಿದಷ್ಟು ದುಡ್ಡು ಕೊಡುವುದು. ಗುಂಪಿನಲ್ಲಿ ಒಬ್ಬರೇ ಬಂದವರು ಯಾರಾದರೂ ಇದ್ದೇ ಇರುತ್ತಾರೆ. ಟೂರ್ ಮುಗಿದ ಕೂಡಲೇ ಹೊರಟುಬಿಡಬೇಡಿ. ಗೈಡ್ ಹತ್ತಿರ ಹೋಗಿ, ಊಟಕ್ಕೆ ನೀವೆಲ್ಲಿಗೆ ಹೋಗುತ್ತೀರಿ ಅಂತ ಕೇಳಿ. ಆ ಉತ್ತರ ಕೇಳುವುದಕ್ಕೆ ಇನ್ನೂ ಇಬ್ಬರು ಮೂವರು ಪಕ್ಕದಲ್ಲಿ ನಿಂತಿರುತ್ತಾರೆ. ನನಗೆ ಎಷ್ಟೋ ಸಲ ಆ ಮಧ್ಯಾಹ್ನದ ಊಟದ ಜೊತೆ ಸಿಕ್ಕಿದ್ದು ಹೀಗೇ.

ರೀನೆಕ್‌ನಲ್ಲಿ ಸೇಂಟ್ ಮೇರಿ ಚರ್ಚಿನ ಎತ್ತರದ ಗೋಪುರದಿಂದ ಪ್ರತಿ ಗಂಟೆಗೂ ತುತ್ತೂರಿ ಊದುತ್ತಾರೆ. ಊದುವವರು ಅಗ್ನಿಶಾಮಕ ದಳದ ನೌಕರರು. ನಾಲ್ಕು ದಿಕ್ಕಿಗೂ ಒಂದೊಂದು ಸಲ ಊದುತ್ತಾರೆ, ರಾಗ ಪ್ರತಿ ಸಲವೂ ನಡುವೆ ಪಟ್ಟನೆ ನಿಂತುಬಿಡುತ್ತದೆ. ಹಿಂದೆ ತಾತಾರರು, ಅಂದರೆ ಮಂಗೋಲರು, ದಾಳಿ ಮಾಡಿದಾಗ ಎಚ್ಚರಿಸುತ್ತಿದ್ದ ಕಾವಲುಗಾರನ ಗಂಟಲಿಗೆ ಬಾಣ ಬಿತ್ತು, ಅದಕ್ಕೇ ಹೀಗೆ ಅನ್ನುವುದು ಕಥೆ. ಕಥೆ ಅಂತಲೇ ಕೇಳಿ, ಅದಕ್ಕೆ ಹಳೇ ದಾಖಲೆಯ ಆಧಾರವಿಲ್ಲ. ಮಧ್ಯಾಹ್ನ 12ರ ತುತ್ತೂರಿ ಮಾತ್ರ 1927ರಿಂದ ಪೋಲೆಂಡಿನ ರೇಡಿಯೋದಲ್ಲೂ ಬರುತ್ತಿದೆ. ಚರ್ಚಿನ ಒಳಗೆ ವೈಟ್ ಷ್ಟಾಸ್ ಅನ್ನುವ ಶಿಲ್ಪಿ 1477ರಿಂದ 1489ರವರೆಗೆ ಮರದಲ್ಲಿ ಕೆತ್ತಿದ ಬಲಿಪೀಠವಿದೆ. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಇದನ್ನು ಬಿಚ್ಚಿ ಜರ್ಮನಿಗೆ ಸಾಗಿಸಿದ್ದರು, ಯುದ್ಧ ಮುಗಿದ ಮೇಲೆ ವಾಪಸ್ ಬಂತು. ಅದರ ಮರದ ಮೂರ್ತಿಗಳಲ್ಲಿ ಮುದುಕರ ಕೈ ನರಗಳು, ಕೆನ್ನೆಯ ಸುಕ್ಕು ಎಲ್ಲಾ ಕಾಣುತ್ತವೆ. ದಯವಿಟ್ಟು ಅರ್ಧ ಗಂಟೆ ಕೂತು ನೋಡಿ.

ರಾಜರ ಅರಮನೆ ಇರುವ ವಾವೆಲ್ ಕೋಟೆಗೆ ಹೋಗುತ್ತೀರಿ, ಅದು ಹೇಳಬೇಕಾಗಿಲ್ಲ. ಅಲ್ಲಿ ಒಂದೊಂದು ಭಾಗಕ್ಕೂ ಬೇರೆ ಬೇರೆ ಟಿಕೆಟ್. ಎಲ್ಲವನ್ನೂ ಕೊಳ್ಳಬೇಡಿ, ಕಾಲು ನೋವು ಬರುತ್ತದೆ ಅಷ್ಟೇ. ರಾಜರ ಸಮಾಧಿಗಳಿರುವ ಕೆಥೆಡ್ರಲ್ ನೋಡಿ, ಆಮೇಲೆ ಕೆಳಗಿಳಿದು ವಿಸ್ತುಲಾ ನದಿ ದಂಡೆಯ ಹುಲ್ಲಿನ ಮೇಲೆ ಕೂರಿ. ಸಂಜೆ ಊರಿನ ವಿದ್ಯಾರ್ಥಿಗಳು ಅಲ್ಲಿರುತ್ತಾರೆ. ಇಲ್ಲಿನ ಯಾಗಿಯೆಲೋನಿಯನ್ ವಿಶ್ವವಿದ್ಯಾಲಯ ಶುರುವಾಗಿದ್ದು 1364ರಲ್ಲಿ, ಕೊಪರ್ನಿಕಸ್ ಓದಿದ್ದು ಇಲ್ಲೇ. ಇವತ್ತಿಗೂ ಇದು ಓದುವ ಮಕ್ಕಳ ಊರು. ಆದ್ದರಿಂದ ಇಂಗ್ಲಿಷಿನಲ್ಲಿ ಮಾತಾಡುವವರು ಸುಲಭವಾಗಿ ಸಿಗುತ್ತಾರೆ. ಲಿಯೊನಾರ್ಡೊ ಡಾ ವಿಂಚಿ ಬರೆದ, ತೋಳಲ್ಲಿ ಬಿಳಿ ಪ್ರಾಣಿಯನ್ನು ಹಿಡಿದ ಹುಡುಗಿಯ ಚಿತ್ರ ಕೂಡ ಈ ಊರಿನ ಚಾರ್ಟೋರಿಸ್ಕಿ ಮ್ಯೂಸಿಯಂನಲ್ಲಿದೆ.

ಇನ್ನು ಊಟ. ಇದು ನಿಮ್ಮ ಗೆಳೆತನದ ಪ್ರಶ್ನೆಗೂ ಸೇರಿದ್ದು. 'ಬಾರ್ ಮ್ಲೆಚ್ನಿ' ಅನ್ನುವ ಬೋರ್ಡ್ ಹುಡುಕಿ. ಸರ್ಕಾರದ ಸಹಾಯಧನದಿಂದ ನಡೆಯುವ ಅಗ್ಗದ ಊಟದ ಮನೆಗಳು ಅವು, ಮದ್ಯ ಇರುವುದಿಲ್ಲ. ಕೌಂಟರಿನಲ್ಲಿ ದುಡ್ಡು ಕೊಟ್ಟು, ತಟ್ಟೆ ತಂದು, ಖಾಲಿ ಇದ್ದ ಕಡೆ ಕೂರಬೇಕು. ಜನ ಜಾಸ್ತಿ ಇದ್ದರೆ ಮೇಜು ಹಂಚಿಕೊಳ್ಳಲೇಬೇಕು. 'ಪಿಯೆರೋಗಿ ರುಸ್ಕಿಯೆ' ಕೇಳಿ, ಆಲೂಗಡ್ಡೆ ಮತ್ತು ಚೀಸ್ ತುಂಬಿದ ಕಡುಬು. ಆದರೆ ಎಷ್ಟೋ ಕಡೆ ಅದರ ಮೇಲೆ ಹಂದಿ ಕೊಬ್ಬಿನ ಹುರಿದ ಚೂರುಗಳನ್ನು ಉದುರಿಸುತ್ತಾರೆ. 'ಬೆಜ್ ಸ್ಕ್ವಾರೆಕ್' ಅಂತ ಮೊದಲೇ ಹೇಳಿ, ಹಾಕುವುದಿಲ್ಲ. ಸೂಪ್ ತರಕಾರಿಯದು ಅನ್ನಿಸಿದರೂ ಮಾಂಸದ ಸಾರಿನಲ್ಲಿ ಮಾಡಿರಬಹುದು, ಕೇಳಿಯೇ ತೆಗೆದುಕೊಳ್ಳಿ. ಆಲೂಗಡ್ಡೆ ದೋಸೆಯಂಥ ಪ್ಲಾತ್ಸ್ಕಿ ಚೆನ್ನಾಗಿರುತ್ತದೆ.

ಇಂಥ ಒಂದು ಜಾಗದಲ್ಲಿ ಸತತ ಎರಡು ದಿನ ನನ್ನೆದುರು ಕೂತಿದ್ದ ಅಜ್ಜಿಯೊಬ್ಬರು ಎರಡನೇ ದಿನ ನೀವು ಇಂಡಿಯಾದವರಾ ಅಂತ ಕೇಳಿದರು. ಹೌದು ಅಂದೆ. ಅವರು ಹೇಳಿದ್ದು ಒಂದೇ ಹೆಸರು, ಮಹಾರಾಜ. ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಪೋಲೆಂಡಿನ ಮಕ್ಕಳಿಗೆ 1942ರಲ್ಲಿ ಗುಜರಾತಿನ ಬಾಲಾಚಡಿಯಲ್ಲಿ ಆಸರೆ ಕೊಟ್ಟ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯ್‌ಸಿಂಹಜಿ ಅವರನ್ನು ಇಲ್ಲಿನ ಜನ ಮರೆತಿಲ್ಲ. ವಾರ್ಸಾದಲ್ಲಿ ಅವರ ಹೆಸರಿನ ಚೌಕವಿದೆ. ನಮ್ಮ ನಿಪ್ಪಾಣಿಯಿಂದ ದೂರವಲ್ಲದ ಕೊಲ್ಹಾಪುರದ ಹತ್ತಿರ, ವಳಿವಡೆಯಲ್ಲೂ ಯುದ್ಧಕಾಲದಲ್ಲಿ ಸುಮಾರು 5,000 ಪೋಲಿಷ್ ನಿರಾಶ್ರಿತರು ಇದ್ದರು. ನಾನು ಅದನ್ನು ಫೋನಿನ ಅನುವಾದದಲ್ಲಿ ತೋರಿಸಿದೆ. ಅಜ್ಜಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಈ ಎರಡು ಸಂಗತಿ ತಿಳಿದುಕೊಂಡು ಹೋಗಿ. ಪೋಲೆಂಡಿನಲ್ಲಿ ನಮ್ಮವರಿಗೆ ಮಾತು ತೆರೆಯಲು ಇದಕ್ಕಿಂತ ಒಳ್ಳೆಯ ವಿಷಯ ಇಲ್ಲ.

ಹಾಸ್ಟೆಲ್ ಬುಕ್ ಮಾಡುವಾಗ ಬಾರ್ ಇದೆಯಾ ಅಂತ ನೋಡಬೇಡಿ, ಅಡುಗೆಮನೆ ದೊಡ್ಡದಾಗಿದೆಯಾ ಅಂತ ನೋಡಿ. ಕುಡಿತದ ಗುಂಪಿಗೆ ಹೆಸರಾದ ಹಾಸ್ಟೆಲ್‌ಗಳು ಅಲ್ಲಿ ಬೇಕಾದಷ್ಟಿವೆ, ವಿಮರ್ಶೆ ಓದಿದರೆ ಗೊತ್ತಾಗುತ್ತದೆ. ಸಾಸಿವೆ, ಅರಿಶಿನ, ಕಡಲೆಬೀಜ ಒಂದೊಂದು ಚಿಕ್ಕ ಪೊಟ್ಟಣ ಒಯ್ಯಿರಿ. ಅಕ್ಕಿ, ನಿಂಬೆಹಣ್ಣು ಅಲ್ಲೇ ಸಿಗುತ್ತವೆ. ಸಂಜೆ ಏಳರ ಹೊತ್ತಿಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿ. ವಾಸನೆಗೇ ಜನ ಬಂದು ಏನಿದು ಅಂತ ಕೇಳುತ್ತಾರೆ. ನಾಲ್ಕು ಜನಕ್ಕೆ ಆಗುವಷ್ಟು ಮಾಡಿದರೆ ಮುಂದಿನದು ತಾನಾಗಿ ನಡೆಯುತ್ತದೆ. ಒಬ್ಬ ಪೋರ್ಚುಗೀಸ್ ಹುಡುಗಿ ಹೀಗೆ ನನ್ನ ತಟ್ಟೆಗೆ ಪಾಲುದಾರಳಾದವಳು ಈಗಲೂ ನನಗೆ ಫೋನ್ ಮಾಡುತ್ತಾಳೆ.

ಕಾಜಿಮೇಜ್‌ಗೆ ಒಮ್ಮೆ ಹಗಲು, ಒಮ್ಮೆ ಸಂಜೆ ಹೋಗಿ. 1335ರಲ್ಲಿ ಮೂರನೇ ಕಾಜಿಮಿಯೆಜ್ ರಾಜ ಕಟ್ಟಿಸಿದಾಗ ಅದು ಬೇರೆಯೇ ಪಟ್ಟಣ. ಆಮೇಲೆ ಶತಮಾನಗಟ್ಟಲೆ ಯಹೂದಿಗಳ ಬಡಾವಣೆಯಾಗಿತ್ತು. ಹಗಲಲ್ಲಿ ಸಿನಗಾಗ್‌ಗಳು (ಅವರ ಪ್ರಾರ್ಥನಾ ಮಂದಿರಗಳು), ಹಳೇ ಸ್ಮಶಾನ. ಸಂಜೆ ಪ್ಲಾತ್ಸ್ ನೋವಿ ಚೌಕದಲ್ಲಿ ಜಾಪಿಯೆಕಾಂಕಾ ತಿನ್ನುವುದು, ಉದ್ದ ಬ್ರೆಡ್ಡಿನ ಮೇಲೆ ಅಣಬೆ, ಚೀಸ್ ಹಾಕಿ ಸುಟ್ಟಿದ್ದು. ಎಲ್ಲರೂ ನಿಂತೇ ತಿನ್ನುವುದರಿಂದ ಪಕ್ಕದವರ ಜೊತೆ ಮಾತು ಬೇಗ ಹುಟ್ಟುತ್ತದೆ.

ಆದರೆ ಅಲ್ಲಿಂದ ಕಾಲುಸೇತುವೆ ದಾಟಿ ನದಿಯಾಚೆಯ ಪೊಡ್ಗುಜೆ ಬಡಾವಣೆಗೆ ಹೋಗುವಾಗ ಒಬ್ಬರೇ ಹೋಗಿ ಅಂತ ನನ್ನ ಸಲಹೆ. 1941ರಲ್ಲಿ ನಾಜಿಗಳು ಊರಿನ ಯಹೂದಿಗಳನ್ನು ಅಲ್ಲಿ ಗೆಟ್ಟೋ ಮಾಡಿ ಕೂಡಿಹಾಕಿದರು, 1943ರ ಮಾರ್ಚ್‌ನಲ್ಲಿ ಅದನ್ನು ಖಾಲಿ ಮಾಡಿಸಿದರು. ಜನರನ್ನು ಸೇರಿಸುತ್ತಿದ್ದ ಚೌಕದಲ್ಲಿ ಈಗ ಲೋಹದ ಖಾಲಿ ಕುರ್ಚಿಗಳಿವೆ. ಅಲ್ಲೇ ಮೂಲೆಯಲ್ಲಿ ತಾಡೆಉಷ್ ಪಾಂಕಿಯೆವಿಚ್ ಅನ್ನುವವರ ಔಷಧಿ ಅಂಗಡಿ ಇತ್ತು. ಅವರು ಯಹೂದಿಯಲ್ಲ. ಗೆಟ್ಟೋ ಬಿಟ್ಟು ಹೋಗದೆ ಅಂಗಡಿ ತೆರೆದೇ ಇಟ್ಟು ಒಳಗಿನವರಿಗೆ ನೆರವಾದರು. ಅಂಗಡಿ ಈಗ ಮ್ಯೂಸಿಯಂ. ಚಿಕ್ಕದು, ಆದರೆ ನನ್ನ ಮಟ್ಟಿಗೆ ಇಡೀ ಊರಿನಲ್ಲೇ ಬಿಡಬಾರದ ಜಾಗ.

ಆಶ್‌ವಿಟ್ಜ್‌ಗೆ ಹೋಗುವ ಯೋಚನೆ ಇದ್ದರೆ ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಆಶ್‌ವಿಟ್ಜ್, ಮಧ್ಯಾಹ್ನ ವಿಯೆಲಿಚ್ಕಾ ಉಪ್ಪಿನ ಗಣಿ ಅಂತ ಒಂದೇ ದಿನದ ಪ್ಯಾಕೇಜ್ ಮಾರುತ್ತಾರೆ. ದಯವಿಟ್ಟು ಬೇಡ. ನಾಜಿಗಳು ಸುಮಾರು 11 ಲಕ್ಷ ಜನರನ್ನು ಕೊಂದ ಶಿಬಿರ ಅದು. ನೋಡಿ ಬಂದ ಮೇಲೆ ಸುಮ್ನೆ ಇರಬೇಕು ಅನ್ನಿಸುತ್ತದೆ. ಹಾಸ್ಟೆಲ್‌ನಲ್ಲಿ ಅಲ್ಲಿಗೆ ಹೋಗಿ ಬಂದವರು ಇನ್ನೊಬ್ಬರು ಇದ್ದರೆ ಆ ಸಂಜೆ ಅವರ ಜೊತೆ ಕೂರಿ, ಅಷ್ಟು ಸಾಕು. ವಿಯೆಲಿಚ್ಕಾಗೆ ಇನ್ನೊಂದು ದಿನ ಊರಿನ ಮುಖ್ಯ ನಿಲ್ದಾಣದಿಂದ ರೈಲಿನಲ್ಲೇ ಹೋಗಬಹುದು. ನೆಲದ ಕೆಳಗೆ ನೂರು ಮೀಟರ್ ಆಳದಲ್ಲಿ ಉಪ್ಪಿನಲ್ಲೇ ಕೆತ್ತಿದ ಸೇಂಟ್ ಕಿಂಗಾ ಪ್ರಾರ್ಥನಾ ಮಂದಿರ ಇದೆ. ಮೆಟ್ಟಿಲು ಸುಮಾರು 800, ಬೇಸಿಗೆಯಲ್ಲೂ ಸ್ವೆಟರ್ ಬೇಕು.

ರಾತ್ರಿ ಒಬ್ಬಳೇ ಓಡಾಡಬಹುದಾ ಅಂತಲೂ ಕೇಳಿದ್ದೀರಿ. ನಾನು ಓಡಾಡಿದ್ದೇನೆ, ಭಯ ಆಗಲಿಲ್ಲ. ರೀನೆಕ್ ಸುತ್ತ ಕ್ಲಬ್ಬಿಗೆ ಬನ್ನಿ ಅಂತ ಕರೆಯುವವರ ಹಿಂದೆ ಮಾತ್ರ ಹೋಗಬೇಡಿ. ಅಲ್ಲಿ ಯೂರೋ ಅಲ್ಲ, ಜ್ಲೋಟಿ ನಡೆಯುತ್ತದೆ. ಕಾರ್ಡ್ ಯಂತ್ರ ಯೂರೋದಲ್ಲಿ ಕೊಡುತ್ತೀರಾ ಅಂತ ಕೇಳಿದರೆ ಬೇಡ ಅನ್ನಿ, ಜ್ಲೋಟಿಯಲ್ಲೇ ಕೊಟ್ಟರೆ ಅಗ್ಗ. ಟ್ರಾಮ್ ಹತ್ತಿದ ಕೂಡಲೇ ಕಾಗದದ ಟಿಕೆಟ್‌ಗೆ ಯಂತ್ರದಲ್ಲಿ ಮುದ್ರೆ ಹಾಕಿಸಿ.

ಬುಕಿಂಗ್‌ನಲ್ಲಿ ಮೊದಲು ಮುಗಿಸಬೇಕಾದ್ದು ಆಶ್‌ವಿಟ್ಜ್. ಪ್ರವೇಶಕ್ಕೆ ದುಡ್ಡಿಲ್ಲ, ಗೈಡ್ ಜೊತೆ ಹೋಗುವುದಕ್ಕೆ ಶುಲ್ಕವಿದೆ. ಎರಡಕ್ಕೂ ಸ್ಮಾರಕದ ಅಧಿಕೃತ ಜಾಲತಾಣದಲ್ಲೇ ಮೊದಲು ಸಮಯ ಕಾಯ್ದಿರಿಸಬೇಕು, ಸೆಪ್ಟೆಂಬರಿನ ಸಮಯಗಳು ಬೇಗ ತುಂಬುತ್ತವೆ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ, ಹಾಸ್ಟೆಲ್‌ನಲ್ಲೇ ಇಟ್ಟು ಹೋಗಿ. ತಾರೀಖು ಗೊತ್ತಾದ ಮೇಲೆ ಇಲ್ಲಿ ಬರೆಯಿರಿ, ಯಾವ ದಿನ ಯಾವುದಕ್ಕೆ ಇಡಬೇಕು ಅಂತ ಕೂತು ಹೇಳುತ್ತೇನೆ.