ಬೆಟ್ಟ ಹತ್ತುವಾಗ ಇಲ್ಲದ ತೊಡೆನೋವು ಇಳಿದ ಮೇಲೆ ಯಾಕೆ?

ಭಾನುವಾರ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಿ ಇಳಿದಿರಿ. ಅವತ್ತು ಆರಾಮಾಗಿದ್ದವರಿಗೆ ಮಂಗಳವಾರ ಮೆಟ್ಟಿಲು ಇಳಿಯೋಕೂ ಆಗುತ್ತಿಲ್ಲ. ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ ಅಂತ ಗೆಳೆಯರು ಹೇಳಿದ್ದು ನಿಜವಾ ಅಂತ ಕೇಳಿದ್ದೀರಿ.

ಅಲ್ಲ. ಏದುಸಿರು ಬಿಟ್ಟು ಹತ್ತುವಾಗ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್ ಮೈಯಲ್ಲಿ ಇರುವ ರೂಪ) ಹೆಚ್ಚುವುದು ಹೌದು. ಆದರೆ ಸುಧಾರಿಸಿಕೊಂಡ ಒಂದೆರಡು ಗಂಟೆಯಲ್ಲಿ ದೇಹ ಅದನ್ನು ಬಳಸಿ ಮುಗಿಸುತ್ತದೆ. ಭಾನುವಾರ ರಾತ್ರಿಯೇ ಮುಗಿದುಹೋದದ್ದನ್ನು ಮಂಗಳವಾರ ದೂರಿ ಏನು ಬಂತು? ನೋವು ಕೊಟ್ಟಿದ್ದು ಇಳಿಜಾರು.

ನಾನು ವಿರಾಜಪೇಟೆಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ‘ಹತ್ತೋದೇ ಕಷ್ಟ ಅಲ್ವಾ?’ ಅಂತ ಎಲ್ಲರೂ ಕೇಳುತ್ತಾರೆ. ಉಸಿರಿಗೆ ಹೌದು, ತೊಡೆಗೆ ಅಲ್ಲ. ಯಾಕೆ ಅಂತ ತಿಳಿಯಬೇಕಾದರೆ ಸ್ನಾಯುವಿನ ಒಳಗೆ ನೋಡಬೇಕು.

ನಮ್ಮ ಕಡೆ ಪಂದಿ ಕರಿ (ಹಂದಿ ಮಾಂಸದ ಸಾರು) ಮಾಡುವ ಮನೆಯವರು ಇದನ್ನು ದಿನಾ ನೋಡಿರುತ್ತಾರೆ: ಬೆಂದ ತುಂಡನ್ನು ಬೆರಳಲ್ಲಿ ಬಿಡಿಸಿದರೆ ಎಳೆ ಎಳೆಯಾಗಿ ಬರುತ್ತದೆ. ಕಣ್ಣಿಗೆ ಕಾಣುವ ಆ ಒಂದು ಎಳೆಯೇ ನೂರಾರು ಕೋಶಗಳ ಕಂತೆ. ಒಂದೊಂದು ಕೋಶವೂ ಕೂದಲಿನಷ್ಟೋ ಅದಕ್ಕಿಂತಲೋ ಸಣ್ಣ, ಉದ್ದ ಮಾತ್ರ ಎಷ್ಟೋ ಸೆಂಟಿಮೀಟರ್. ಅದರೊಳಗೆ ಸಾರ್ಕೋಮಿಯರ್ ಅನ್ನುವ ಮನೆಗಳು ಸಾಲಾಗಿ ಇರುತ್ತವೆ. ಒಂದರ ಉದ್ದ ಸುಮಾರು 2 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಭಾಗದಲ್ಲಿ ಎರಡು ಭಾಗ. ಒಂದೊಂದರಲ್ಲೂ ಪ್ರೋಟೀನಿನ ಎರಡು ಬಗೆಯ ತಂತು: ತೆಳು ಆಕ್ಟಿನ್, ದಪ್ಪ ಮಯೋಸಿನ್. ಮಯೋಸಿನ್ನಿನ ಪುಟ್ಟ ತಲೆಗಳು ಆಕ್ಟಿನ್ನನ್ನು ಹಿಡಿದು, ಬಾವಿಯ ಹಗ್ಗ ಜಗ್ಗುವ ಹಾಗೆ ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತವೆ. ತಂತು ಗಿಡ್ಡವಾಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತದೆ ಅಷ್ಟೆ, ಅದರಿಂದಲೇ ಇಡೀ ಸ್ನಾಯು ಗಿಡ್ಡವಾಗುವುದು. 1954ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ತೋರಿಸಿದವು. ಹಿಡಿತ ಬಿಡಿಸಿಕೊಳ್ಳೋಕೂ ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಬೇಕು. ಸತ್ತ ಮೇಲೆ ಮೈ ಸೆಟೆದುಕೊಳ್ಳುವುದು ಎಟಿಪಿ ಇಲ್ಲದೆ ಹಿಡಿತ ಬಿಡದಿರುವುದರಿಂದಲೇ.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಗಿಡ್ಡವಾಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಉಲ್ಟಾ. ಮಂಡಿ ಮಡಿಯುತ್ತದೆ, ಸ್ನಾಯು ಉದ್ದವಾಗುತ್ತದೆ, ಆದರೂ ನಿಮ್ಮ ಭಾರ ಬೀಳದಂತೆ ಬಿಗಿ ಹಿಡಿದೇ ಇರಬೇಕು. ಈ ಕೆಲಸಕ್ಕೆ ದೇಹ ಕಡಿಮೆ ಕೋಶಗಳನ್ನೇ ಹಚ್ಚುತ್ತದೆ, ಹಾಗಾಗಿ ಒಂದೊಂದರ ಮೇಲೂ ಹೊರೆ ಜಾಸ್ತಿ. ದುರ್ಬಲ ಸಾರ್ಕೋಮಿಯರ್‌ಗಳು ಹಿಗ್ಗಿ ಹಾಳಾಗುತ್ತವೆ. ಆಮೇಲೆ ರಿಪೇರಿ ಶುರುವಾಗಿ ಊತ ಬರುತ್ತದೆ, ಸುತ್ತಲಿನ ನರಗಳು ಸೂಕ್ಷ್ಮವಾಗುತ್ತವೆ. ಇದಕ್ಕೆಲ್ಲ ಸಮಯ ಬೇಕು. ಅದಕ್ಕೇ ನೋವು 24ರಿಂದ 72 ಗಂಟೆಯೊಳಗೆ ಜೋರಾಗುವುದು.

ಅದೇ ದಿನ ಹೃದಯದ ಸ್ನಾಯುವೂ ಬಿಡುವಿಲ್ಲದೆ ದುಡಿಯಿತು, ಅದಕ್ಕೇನೂ ಆಗಲಿಲ್ಲ. ಅದು ರಕ್ತ ತುಂಬಿ ಹಿಗ್ಗುವುದು ಸಡಿಲವಾಗಿದ್ದಾಗ, ಬಿಗಿ ಹಿಡಿದಾಗ ಅಲ್ಲ. ಕರುಳು, ರಕ್ತನಾಳಗಳ ಗೋಡೆಯಲ್ಲಿರುವ ನಯ ಸ್ನಾಯು ಮೂರನೇ ಬಗೆ, ಅದಕ್ಕೂ ನಿಮ್ಮ ನೋವಿಗೂ ಸಂಬಂಧವಿಲ್ಲ.

ಸಮಾಧಾನದ ವಿಷಯ ಅಂದರೆ ಸ್ನಾಯು ಬೇಗ ಪಾಠ ಕಲಿಯುತ್ತದೆ. ಕಾಳುಮೆಣಸಿನ ಕೊಯ್ಲಿನಲ್ಲಿ ಏಣಿ ಹತ್ತಿ ಇಳಿಯುವವರನ್ನು ಕೇಳಿ, ಶುರುವಿನ ಕೆಲವು ದಿನ ಕಾಲು ಹಿಡಿದುಕೊಳ್ಳುತ್ತದೆ, ಆಮೇಲೆ ಇಲ್ಲ. ಒಮ್ಮೆ ಇಳಿಜಾರು ಕಂಡ ತೊಡೆ ಮುಂದಿನ ಕೆಲವು ವಾರ ಅಷ್ಟು ನೋಯುವುದಿಲ್ಲ. ಹಾಗಾಗಿ ಮುಂದಿನ ಚಾರಣಕ್ಕೆ ಒಂದೆರಡು ವಾರ ಮುಂಚೆ ಸಣ್ಣ ಇಳಿಜಾರಿನಲ್ಲಿ ನಡೆದು ಅಭ್ಯಾಸ ಮಾಡಿ. ಬೆಟ್ಟದಲ್ಲಿ ದೊಡ್ಡ ಹೆಜ್ಜೆ ಹಾಕಿ ಧುಮುಕಬೇಡಿ, ಕೈಯಲ್ಲೊಂದು ಕೋಲಿರಲಿ.

ಈಗ ಸುಮ್ನೆ ಮಲಗುವ ಬದಲು ನಿಧಾನಕ್ಕೆ ಓಡಾಡಿ. ಜೋರಾಗಿ ತಿಕ್ಕಿಸಬೇಡಿ. ಆದರೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ, ತೊಡೆ ವಿಪರೀತ ಊದಿದರೆ, ಎಣ್ಣೆ ಹಚ್ಚುತ್ತಾ ಕೂರಬೇಡಿ. ಸ್ನಾಯು ಒಡೆದು ಬರುವ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಅವತ್ತೇ ಆಸ್ಪತ್ರೆಗೆ ಹೋಗಿ.