ಡ್ರೈವರ್ ಟೆಸ್ಟ್ ಮಾಡಿದಾಗೆಲ್ಲ ಲ್ಯಾಪ್‌ಟಾಪ್ ಹ್ಯಾಂಗ್ ಆಗ್ತಿದ್ದರೆ

ನೀವು ಲಿನಕ್ಸ್‌ಗೆ ಸ್ವಂತ ಡ್ರೈವರ್ ಬರೆಯುತ್ತಿದ್ದೀರಿ, ಇನ್ಸ್‌ಮಾಡ್ (ಡ್ರೈವರ್ ಮಾಡ್ಯೂಲನ್ನು ಲೋಡ್ ಮಾಡುವ ಕಮಾಂಡ್) ಕೊಟ್ಟಾಗೆಲ್ಲ ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತದೆ, ಹಾಗಾಗದಂತೆ ಟೆಸ್ಟ್ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಹ್ಯಾಂಗೇ ಆಗಬಾರದು ಅಂದರೆ ಅದು ಆಗದ ಮಾತು. ಡ್ರೈವರ್ ಓಡುವುದು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗೇ ಅಲ್ವಾ, ಒಂದು ತಪ್ಪು ಪಾಯಿಂಟರ್ (ಮೆಮೊರಿ ವಿಳಾಸ) ಸಾಕು, ಎಲ್ಲ ಬೀಳೋಕೆ. ಬೀಳುವುದನ್ನು ತಡೆಯೋಕೆ ಹೋಗಬೇಡಿ. ಬೇರೆ ಕಡೆ ಬೀಳಲಿ, ಸದ್ದು ಮಾಡಿಕೊಂಡೇ ಬೀಳಲಿ. ನನಗಂತೂ ಹ್ಯಾಂಗ್ ಆಗುವ ಡ್ರೈವರ್‌ಗಿಂತ, ಆರಾಮಾಗಿ ಓಡುತ್ತಾ ಇನ್ಯಾರದೋ ಮೆಮೊರಿ ಮೇಲೆ ಗೀಚುವ ಡ್ರೈವರ್ ಕಂಡರೆ ಭಯ ಜಾಸ್ತಿ, ಯಾಕೆಂದರೆ ಅದು ಕೆಡಿಸಿದ್ದು ಡಿಸ್ಕ್‌ಗೆ ಹೋಗಿ ಕೂತರೆ ಫೈಲ್ ಹಾಳಾಗಿದ್ದು ಗೊತ್ತಾಗುವಷ್ಟರಲ್ಲಿ ಬ್ಯಾಕಪ್‌ನಲ್ಲೂ ಅದೇ ಕೆಟ್ಟ ಫೈಲ್ ಇರುತ್ತದೆ.

ಹಾಗಾಗಿ ಮೊದಲು ವರ್ಚುವಲ್ ಮೆಷಿನ್ (ವಿಎಂ), ಅಂದರೆ ನಿಮ್ಮ ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್‌ನಲ್ಲಿ ಓಡುವ ಇನ್ನೊಂದು ಕಂಪ್ಯೂಟರ್. ನಾನು ಬಳಸುವುದು ಕ್ಯೂಎಮು. ಸ್ನ್ಯಾಪ್‌ಶಾಟ್ ಆಪ್ಷನ್ ಕೊಟ್ಟು ಶುರು ಮಾಡಿದರೆ ಬರೆದದ್ದೆಲ್ಲ ತಾತ್ಕಾಲಿಕ ಫೈಲ್‌ಗೆ ಹೋಗುತ್ತದೆ, ಮೂಲ ಇಮೇಜ್ ಹಾಗೇ ಇರುತ್ತದೆ. ಎಷ್ಟು ಸಲ ಬಿದ್ದರೂ ಮತ್ತೆ ಬೂಟ್ ಮಾಡಿದರೆ ಆಯಿತು. ಒಂದೇ ಎಚ್ಚರಿಕೆ: ಸೋರ್ಸ್ ಇರುವ ಫೋಲ್ಡರನ್ನು ಒಳಗೆ ಶೇರ್ ಮಾಡುವುದಾದರೆ ಓದಲು ಮಾತ್ರ ಬಿಡಿ.

ಇನ್ನು ಲಾಗ್. ಒಮ್ಮೆ ನನ್ನ ಮಾಡ್ಯೂಲ್ ಲೋಡ್ ಆಗುತ್ತಿತ್ತು, ಕೆಲಸ ಮಾಡುತ್ತಿತ್ತು, ಆರ್‌ಎಂಮಾಡ್ (ಮಾಡ್ಯೂಲ್ ತೆಗೆಯುವ ಕಮಾಂಡ್) ಕೊಟ್ಟಾಗಲೂ ಏನೂ ತೊಂದರೆ ಕಾಣುತ್ತಿರಲಿಲ್ಲ. ಎರಡು ಸೆಕೆಂಡ್ ಕಳೆದ ಮೇಲೆ ಎಲ್ಲ ಸ್ತಬ್ಧ. ಸ್ಕ್ರೀನ್ ಮೇಲೆ ಒಂದು ಅಕ್ಷರವೂ ಇಲ್ಲ, ಲಾಗ್ ಫೈಲ್‌ನಲ್ಲೂ ಇಲ್ಲ, ಯಾಕೆಂದರೆ ಕೊನೆಯ ಸಾಲು ಡಿಸ್ಕ್ ಮುಟ್ಟುವ ಮೊದಲೇ ಕರ್ನಲ್ ಸತ್ತಿತ್ತು. ಕೊನೆಗೆ ವಿಎಂನ ಸೀರಿಯಲ್ ಕನ್ಸೋಲನ್ನು (ಕರ್ನಲ್ ಸಂದೇಶಗಳನ್ನು ಸೀರಿಯಲ್ ಪೋರ್ಟ್‌ನಿಂದ ಹೊರಗೆ ಕಳಿಸುವ ದಾರಿ) ಹೊರಗಿನ ಮೆಷಿನ್‌ನ ಒಂದು ಫೈಲ್‌ಗೆ ಹರಿಸಿದ ಮೇಲೆ ಕಾಲ್ ಟ್ರೇಸ್ (ಬಿದ್ದಾಗ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಅನ್ನುವ ಪಟ್ಟಿ) ಸಿಕ್ಕಿತು. ಎಕ್ಸಿಟ್ ಫಂಕ್ಷನ್‌ನಲ್ಲಿ ಟೈಮರ್ ನಿಲ್ಲಿಸುವುದನ್ನೇ ಮರೆತಿದ್ದೆ! ಮಾಡ್ಯೂಲ್‌ನ ಕೋಡ್ ಮೆಮೊರಿಯಿಂದ ಹೋಗಿದೆ, ಟೈಮರ್ ಮಾತ್ರ ಸಮಯಕ್ಕೆ ಸರಿಯಾಗಿ ಅದೇ ವಿಳಾಸಕ್ಕೆ ಹಾರಿದೆ. ಅವತ್ತಿಂದ ಸೀರಿಯಲ್ ಕನ್ಸೋಲ್ ಇಲ್ಲದೆ ನಾನು ಶುರುವೇ ಮಾಡುವುದಿಲ್ಲ.

ಟೆಸ್ಟ್ ಕರ್ನಲನ್ನು ನೀವೇ ಕಂಪೈಲ್ ಮಾಡಿಕೊಳ್ಳಿ, ಕೇಸಾನ್ (ಮೆಮೊರಿ ತಪ್ಪು ಹಿಡಿಯುವುದು) ಮತ್ತು ಲಾಕ್‌ಡೆಪ್ (ಲಾಕ್ ಬಳಕೆಯ ತಪ್ಪು ಹಿಡಿಯುವುದು) ಎರಡನ್ನೂ ಆನ್ ಇಟ್ಟು. ಕೇಸಾನ್‌ನ ಮಾಮೂಲಿ ಮೋಡ್ ಎಂಟರಲ್ಲಿ ಒಂದು ಪಾಲು ಮೆಮೊರಿಯನ್ನು ತನ್ನ ಲೆಕ್ಕಕ್ಕೇ ತಿನ್ನುತ್ತದೆ, ನಿಧಾನವೂ ಹೌದು, ಆದರೆ ಫ್ರೀ ಮಾಡಿದ ಜಾಗವನ್ನು ಮುಟ್ಟಿದ ಕೂಡಲೇ ಯಾವ ಫಂಕ್ಷನ್ ಅಂತ ಬೆರಳಿಟ್ಟು ತೋರಿಸುತ್ತದೆ. ಪ್ಯಾನಿಕ್_ಆನ್_ಓಪ್ಸ್ ಅನ್ನು 1 ಮಾಡಿ, ಆಗ ಓಪ್ಸ್ (ಕರ್ನಲ್ ತನ್ನೊಳಗಿನ ತಪ್ಪಿಗೆ ಬರೆಯುವ ವರದಿ) ಬಂದ ಕೂಡಲೇ ಕರ್ನಲ್ ಪೂರ್ತಿ ನಿಲ್ಲುತ್ತದೆ, ಅರೆಜೀವದಲ್ಲಿ ಓಡುವ ಕರ್ನಲ್ ಯಾರಿಗೂ ಬೇಡ. ಆಮೇಲೆ ಲೋಡ್, ಅನ್‌ಲೋಡ್ ಎರಡನ್ನೂ ಲೂಪ್‌ನಲ್ಲಿ 500 ಸಲ ಓಡಿಸಿ. ಫಾಲ್ಟ್ ಇಂಜೆಕ್ಷನ್‌ನಿಂದ ಮೆಮೊರಿ ಕೇಳಿದಾಗ ಬೇಕಂತಲೇ ಸಿಗದ ಹಾಗೆಯೂ ಮಾಡಿ ನೋಡಿ, ಎರರ್ ಬಂದಾಗ ಓಡುವ ಕೋಡನ್ನು ಸಾಮಾನ್ಯವಾಗಿ ಯಾರೂ ಓಡಿಸಿಯೇ ಇರುವುದಿಲ್ಲ.

ನಿಜವಾದ ಕಾರ್ಡ್ ಇದ್ದರೆ ವಿಎಫ್‌ಐಓ (ಹಾರ್ಡ್‌ವೇರನ್ನು ನೇರವಾಗಿ ವಿಎಂ ಕೈಗೆ ಕೊಡುವ ಲಿನಕ್ಸ್ ವ್ಯವಸ್ಥೆ) ಮೂಲಕ ವಿಎಂಗೆ ಕೊಡಬಹುದು. ಡಿಎಂಎ (ಕಾರ್ಡ್ ತಾನೇ ಮೆಮೊರಿಗೆ ಓದಿ ಬರೆಯುವುದು) ದಾರಿ ತಪ್ಪಿದರೆ ಐಓಎಂಎಂಯು (ಕಾರ್ಡ್ ಮುಟ್ಟಬಹುದಾದ ಮೆಮೊರಿಗೆ ಮಿತಿ ಹಾಕುವ ಹಾರ್ಡ್‌ವೇರ್) ಅಡ್ಡ ನಿಲ್ಲುತ್ತದೆ. ಆದರೂ ಕಾರ್ಡೇ ಬಸ್ ಹಿಡಿದು ಕೂತರೆ ಹೋಸ್ಟ್ (ವಿಎಂ ಓಡಿಸುತ್ತಿರುವ ಮೆಷಿನ್) ಕೂಡ ಹೋಗುತ್ತದೆ, ಅದಕ್ಕೇ ಒಂದು ಹಳೆ ಪಿಸಿ ಇದ್ದರೆ ಅದೇ ವಾಸಿ. ಸೀರಿಯಲ್ ಪೋರ್ಟ್ ಇಲ್ಲದಿದ್ದರೆ ನೆಟ್‌ಕನ್ಸೋಲ್ ಹಾಕಿ, ಅದು ಲಾಗನ್ನು ಯುಡಿಪಿಯಲ್ಲಿ ಪಕ್ಕದ ಮೆಷಿನ್‌ಗೆ ಕಳಿಸುತ್ತದೆ (ನೀವು ಬರೆಯುತ್ತಿರುವುದೇ ಅದರ ನೆಟ್‌ವರ್ಕ್ ಕಾರ್ಡ್‌ನ ಡ್ರೈವರ್ ಆದರೆ ದೇವರೇ ಗತಿ).

ವಿಂಡೋಸ್‌ನಲ್ಲಾದರೆ ಡ್ರೈವರ್ ತಪ್ಪುಗಳನ್ನು ಹಿಡಿಯೋಕೆ ಡ್ರೈವರ್ ವೆರಿಫೈಯರ್ ಇದೆ. ಎಲ್ಲ ಡ್ರೈವರ್‌ಗಳಿಗೂ ಟಿಕ್ ಹಾಕಬೇಡಿ, ನಿಮ್ಮದೊಂದಕ್ಕೇ ಸಾಕು. ಬೂಟ್ ಆಗದೆ ಸುತ್ತತೊಡಗಿದರೆ ಸೇಫ್ ಮೋಡ್‌ಗೆ ಹೋಗಿ ವೆರಿಫೈಯರ್‌ಗೆ ರೀಸೆಟ್ ಕೊಡಿ.

ಇಷ್ಟಾದರೂ ಬಗ್ ಸಿಗದಿದ್ದರೆ ಸೀರಿಯಲ್ ಲಾಗ್ ಇಲ್ಲಿ ಹಾಕಿ. ಮೊದಲನೇ ಓಪ್ಸ್ ಮತ್ತು ಅದರ ಮೇಲಿನ ಇಪ್ಪತ್ತು ಸಾಲು ಬೇಕು. ಕೊನೆಯದ್ದು ಬೇಡ, ಅದು ಬರೀ ಪರಿಣಾಮ.