ಪ್ರತಿಕ್ರಿಯೆ: ಬೆಂಗಳೂರು ಸಿಟಿಗೆ ಹಾಕಲೇ, ವಿಜಯಪುರಕ್ಕೆ ಹಾಕಲೇ?

ಬೆಂಗಳೂರು ಸಿಟಿಯಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆ ಜಾಸ್ತಿ, ಅಲ್ಲಿ ಸೇರಿ ಎರಡು ವರ್ಷದ ನಂತರ ವಿಜಯಪುರಕ್ಕೆ ವರ್ಗ ಮಾಡಿಸಿಕೊಳ್ಳಬಹುದಾ ಅಂತ ನಮ್ಮ ಜಿಲ್ಲೆಯ ಇಂಡಿ ತಾಲ್ಲೂಕಿನಿಂದ ಕೇಳಿದ್ದೀರಿ. ದಯವಿಟ್ಟು ಆ ಲೆಕ್ಕ ಹಾಕಿಕೊಂಡು ಅರ್ಜಿ ತುಂಬಬೇಡಿ.

ಕಾನ್‌ಸ್ಟೇಬಲ್ ನೇಮಕಾತಿ ಘಟಕವಾರು ನಡೆಯುತ್ತದೆ. ಬೆಂಗಳೂರು ಕಮಿಷನರೇಟ್ ಒಂದು ಘಟಕ, ವಿಜಯಪುರ ಜಿಲ್ಲೆ ಇನ್ನೊಂದು. ಬಡ್ತಿ ನಿರ್ಧರಿಸುವ ಸೀನಿಯಾರಿಟಿ (ಸೇವಾ ಹಿರಿತನ) ಪಟ್ಟಿಯೂ ಬೇರೆ ಬೇರೆ. ನೀವಾಗಿಯೇ ಕೇಳಿಕೊಂಡು ಘಟಕ ಬದಲಿಸಿದರೆ ಹೊಸ ಪಟ್ಟಿಯ ಕೊನೆಗೆ ನಿಲ್ಲಬೇಕು. ಹೆಡ್ ಕಾನ್‌ಸ್ಟೇಬಲ್ ಬಡ್ತಿ ಅಷ್ಟು ದೂರ ಹೋಯಿತು. ಅದಕ್ಕೂ ಮೊದಲು ಬೆಂಗಳೂರಿನವರು ನಿಮ್ಮನ್ನು ಬಿಡಬೇಕಲ್ಲ! ರಾಜಧಾನಿಯ ಠಾಣೆಗಳಲ್ಲಿ ಜನ ಸಾಲುವುದಿಲ್ಲ. ರಾತ್ರಿ ಬೀಟ್ ಮುಗಿಸಿದ ಹುಡುಗನೇ ಬೆಳಿಗ್ಗೆ ಸಮನ್ಸ್ ಹಿಡಿದು ಹೋಗುತ್ತಾನೆ, ಮಧ್ಯಾಹ್ನ ಪ್ರತಿಭಟನೆ ಬಂದೋಬಸ್ತಿಗೆ ನಿಲ್ಲುತ್ತಾನೆ. ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೂ ರಜೆ ಸಿಗುವುದಿಲ್ಲ. ಇದು ನ್ಯಾಯವಲ್ಲ. ಖಾಲಿ ಹುದ್ದೆ ತುಂಬದೆ ಇದು ಸರಿಹೋಗುವುದೂ ಇಲ್ಲ.

ಬೆಂಗಳೂರಲ್ಲೇ ಇರುತ್ತೇನೆ ಅನ್ನುವ ಮನಸ್ಸಿದ್ದರೆ ಧೈರ್ಯವಾಗಿ ಹಾಕಿ. ಊರಲ್ಲಿ ಅಪ್ಪ ಅಮ್ಮನನ್ನು ನೋಡಿಕೊಳ್ಳಬೇಕಾದರೆ ವಿಜಯಪುರವೇ ಸರಿ, ಹುದ್ದೆ ಕಡಿಮೆಯಿದ್ದರೂ.

ಇನ್ನೊಂದು ಮಾತು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಮೀಸಲಾತಿ ಪಕ್ಕದ ಕಲಬುರಗಿಗಿದೆ, ನಮ್ಮ ಜಿಲ್ಲೆಗಿಲ್ಲ. ಯಾರಾದರೂ ಇದೆ ಅಂದರೆ ನಂಬಬೇಡಿ. ಲಿಖಿತ ಪರೀಕ್ಷೆ 100 ಅಂಕಕ್ಕೆ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ, ಸುಮ್ನೆ ಊಹಿಸಿ ಬರೆಯಬೇಡಿ. ಗಂಡಸರಿಗೆ 1600 ಮೀಟರ್ ಓಟ ಆರೂವರೆ ನಿಮಿಷದೊಳಗೆ ಮುಗಿಯಬೇಕು. ಅದರ ಅಭ್ಯಾಸ ಈಗಲೇ ಶುರು ಮಾಡಿ.